ಎರಡು ಸಾವಿನ ಚೀಟಿ

ಡಬ್ಬಿಯ ಮುಚ್ಚಳ ತೆಗೆದಾಗ ಒಳಗಿನ ಚೀಟಿಯಲ್ಲಿ ಎರಡೇ ಜಪಾನೀ ಅಕ್ಷರಗಳಿದ್ದವು. ಇಲ್ಲಿ ಒಂದೊಂದು ಅಕ್ಷರವೂ ಒಂದೊಂದು ಪದ. ಮೊದಲನೆಯದು ‘ಎರಡು’, ಮುಂದಿನದು ‘ಸಾವು’. ನಾನು ಜಪಾನಿಗೆ ಬಂದು ಒಂದೂವರೆ ವರ್ಷವಾಗಿತ್ತು. ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ ಮಾಡುವವಳಿಗೆ ಆ ಎರಡನೆಯ ಅಕ್ಷರ ಬೇಗನೇ ಗುರುತಾಗಿಬಿಡುತ್ತದೆ. ಮೂರು ದಾರಿ ಕೂಡುವಲ್ಲಿದ್ದ ಕಲ್ಲುಬೆಂಚಿನ ಅಡಿಯಿಂದ ಡಬ್ಬಿಯನ್ನು ಹೊರಗೆಳೆದವಳೂ ನಾನೇ. ಬರೆಯಬೇಕಿದ್ದ ಹೆಸರು ಗೀಚಿ, ಎಲ್ಲವನ್ನೂ ಇದ್ದಲ್ಲೇ ಇಟ್ಟು, ಕೈ ಒರೆಸಿಕೊಳ್ಳುತ್ತ ಬಸ್ ಸ್ಟಾಪಿಗೆ ಓಡಿದೆ.

ಇಂಡಿ ಊರಿನ ನಿಂಬೆ ತೋಟದವಳಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣ ಮೊರಿತಾ-ಸಾನ್. ‘ಸಾನ್’ ಎಂದರೆ ನಮ್ಮ ಮಾತಿಗೆ ‘ರಿ’ ಇದ್ದ ಹಾಗೆ, ಹೆಸರಿಗೆ ಅಂಟಿಸುವ ಮರ್ಯಾದೆ. ತೊಂಬತ್ತರ ಹತ್ತಿರದ ಈ ಅಜ್ಜ ಇಲ್ಲಿಯ ಬೇಸ್‌ಬಾಲ್ ತಂಡದ ಹಳೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದವರು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ತಂಡದ ಚರಿತ್ರೆಯನ್ನು ನೆನೆಯಲೆಂದು ಊರಿನವರು ಒಂದು ಸ್ಪರ್ಧೆ ಇಟ್ಟಿದ್ದರು. ತಂಡ ಇದ್ದು, ಆಡಿ ಹೋದ ಮೂರು ಜಾಗಗಳಲ್ಲಿ ಡಬ್ಬಿ ಬಚ್ಚಿಟ್ಟಿದ್ದರು. ಫೋನಿನ ನಕ್ಷೆ ಹಿಡಿದು ಹುಡುಕಬೇಕು, ಒಳಗಿನ ವಹಿಯಲ್ಲಿ ಹೆಸರು ಬರೆದು ಮತ್ತೆ ಹಾಗೇ ಮುಚ್ಚಿಡಬೇಕು. ಜಿಯೋಕ್ಯಾಶಿಂಗ್ ಅಂತಾರೆ ಇದಕ್ಕೆ. ಮೂರೂ ವಹಿಗಳಲ್ಲಿ ತನ್ನ ಹೆಸರು ಬರಬೇಕೆಂಬುದು ಅಜ್ಜನ ಹಟ. ಅವರಿಗೆ ನಡೆಯಲು ಆಗದು, ಹಾಗಾಗಿ ರಜೆಯ ದಿನ ಹುಡುಕುವ ಕೆಲಸ ನನ್ನದಾಯಿತು.

ಎರಡನೆಯ ಡಬ್ಬಿಯ ಆ ಚೀಟಿಯ ವಿಷಯ ಹೇಳಿದಾಗ ಅವರು ಕೆಮ್ಮು ಬರುವಷ್ಟು ನಕ್ಕರು. ಅವರ ಜಪಾನೀ ನನ್ನ ಕಿವಿಗೆ ನಮ್ಮೂರ ಮಾತಾಗಿಯೇ ಬೀಳುತ್ತದೆ, ಹಾಗೆಯೇ ಬರೆಯುತ್ತೇನೆ.

“ಹುಚ್ಚಿ, ಆಟದಾಗ ಔಟಾದವನಿಗಿ ನಾವು ಸತ್ತ ಅಂತೇವಿ. ಇಬ್ಬರು ಔಟಾದ್ರ ಎರಡು ಸಾವು. ಮೂರಾದ್ರ ಪಾಳಿ ಮುಗೀತು. ಆ ಚೀಟಿ ನಮ್ಮ ತಂಡದ ಒಂದು ಹಳೇ ಆಟದ್ದು. ಮೂರನೇ ಡಬ್ಬಿ ತಗದ ನೋಡು, ಮುಂದ ಏನಾತು ತಿಳೀತೈತಿ.”

ನಾನೂ ನಕ್ಕೆ, ಆದರೆ ಹೆದರಿಕೆ ಹೋಗಲಿಲ್ಲ. ಮೊದಲ ಡಬ್ಬಿಯ ಚೀಟಿಯಲ್ಲಿ ‘ಒಂದು ಸಾವು’ ಎಂದಿತ್ತು. ಅದೇ ವಾರ ಆಶ್ರಮದಲ್ಲಿ ಕಿಟಕಿ ಪಕ್ಕದ ಅಜ್ಜಿ ತೀರಿಕೊಂಡರು. ಎರಡನೆಯದನ್ನು ತೆಗೆದ ನಾಲ್ಕನೇ ದಿನ ಎದುರು ಕೋಣೆಯ ಅಜ್ಜ ಹೋದರು. ವೃದ್ಧಾಶ್ರಮದಲ್ಲಿ ಸಾವು ಹೊಸದಲ್ಲ ಎಂದು ಗೊತ್ತಿದ್ದೂ ಬೆರಳು ಮಡಚಿ ಎಣಿಸಿದೆ.

ಇಂಡಿಗೆ ಫೋನ್ ಮಾಡಿದಾಗ ಅಕ್ಕ ನಿಂಬೆಹಣ್ಣು ಆರಿಸುತ್ತ ಕೂತಿದ್ದಳು.

“ಮೂರು ಹಾದಿ ಕೂಡಿದಲ್ಲಿ ಇಟ್ಟಿದ್ದು ಮುಟ್ಟಿದೇನ? ನಿನಗ ಬುದ್ಧಿ ಐತೇನವಾ ಕಸ್ತೂರಿ?”

“ಅಕ್ಕಾ, ಇದು ಆಟ.”

“ಆಟ ಆಗ್ಲಿ, ಮಾಟ ಆಗ್ಲಿ. ನಿಂಬಿಹಣ್ಣ ಬೆಳದು ಉಣ್ಣೋ ಮಂದಿ ನಾವು. ಹಾದ್ಯಾಗ ಬಿದ್ದ ನಿಂಬಿಹಣ್ಣ ಒಮ್ಮೆರೆ ದಾಟೇವೇನು? ಮೂರನೇದಕ್ಕ ಕೈ ಹಚ್ಚಬ್ಯಾಡ.”

ಅಲ್ಲಿ ಗೋಣಿಚೀಲ ತುಂಬುವ ನಿಂಬೆಹಣ್ಣು ಇಲ್ಲಿ ಒಂದೊಂದಾಗಿ ಪ್ಲಾಸ್ಟಿಕ್ಕಿನಲ್ಲಿ ಕೂತಿರುತ್ತದೆ. ಸಿಂದಗಿ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವಳು ಇಲ್ಲಿ ಉಸಿರೆತ್ತದೆ ಸಾಲಿನಲ್ಲಿ ನಿಲ್ಲುತ್ತೇನೆ. ಕೋಣೆಯನ್ನು ‘ತತಾಮಿ’ ಎಂಬ ಹುಲ್ಲಿನ ಚಾಪೆಯ ಲೆಕ್ಕದಲ್ಲಿ ಅಳೆಯುತ್ತಾರೆ, ನನ್ನದು ಆರು ಚಾಪೆಯ ಕೋಣೆ. ಊರಿಂದ ತಂದ ಜೋಳದ ಹಿಟ್ಟಿನಲ್ಲಿ ಮೊದಲ ಸಲ ರೊಟ್ಟಿ ಬಡಿದ ದಿನ, ಸದ್ದು ಕಡಿಮೆ ಮಾಡಿ ಎಂಬ ವಿನಯದ ಚೀಟಿ ಬಾಗಿಲಡಿ ಬಂದಿತ್ತು. ಅಂದಿನಿಂದ ಒದ್ದೆ ಬಟ್ಟೆಯ ಮೇಲೆ ಕಳ್ಳಿಯಂತೆ ತಟ್ಟುತ್ತೇನೆ. ಹೀಗೆ ಎಲ್ಲವನ್ನೂ ಬಿಟ್ಟುಕೊಟ್ಟವಳಿಗೆ ಆ ನಿಂಬೆಹಣ್ಣಿನ ಹೆದರಿಕೆಯೊಂದನ್ನು ಬಿಡಲಾಗಲಿಲ್ಲ.

ಮೂರು ವಾರ ರಜೆಯ ದಿನಗಳನ್ನು ಕೋಣೆಯಲ್ಲೇ ಕಳೆದೆ. ಅಜ್ಜ ಕೇಳಿದಾಗಲೆಲ್ಲ “ಸಿಗಲಿಲ್ಲರಿ” ಎಂದು ಸುಳ್ಳು ಹೇಳಿದೆ.

“ಸಿಗತೈತಿ. ನಾ ಸುಣ್ಣಾ ಹಾಕಿದ ಜಾಗಾನ ಅದು,” ಅನ್ನುತ್ತಿದ್ದರು. ಪ್ರತಿ ವಾರ ದನಿ ಸಣ್ಣದಾಗುತ್ತಿತ್ತು. ಗಂಜಿ ಅರ್ಧ ಬಟ್ಟಲಿಗೆ, ಆಮೇಲೆ ಎರಡು ಚಮಚಕ್ಕೆ ಇಳಿಯಿತು. ನಾನು ಡಬ್ಬಿ ಮುಟ್ಟದಿದ್ದರೂ ಅವರು ಇಳಿಯುತ್ತಲೇ ಇದ್ದರು. ಅದು ತಲೆಗೆ ಹೋದ ದಿನ ನನ್ನ ಮೇಲೆ ನನಗೇ ಸಿಟ್ಟು ಬಂತು. ಮರುದಿನವೇ ರಜೆ ಹಾಕಿ, ಅಜ್ಜನಿಗೆ ಹೇಳಿ ಹೊರಟೆ.

ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ, ಬೇಲಿಯ ಕಂಬದ ಹಿಂದೆ ಡಬ್ಬಿ ಇತ್ತು. ಬೇಲಿಯ ಮೇಲೆ ಸಾಲಾಗಿ ಕಾಗೆಗಳು ಕೂತಿದ್ದವು. ಚೀಟಿ ಬಿಡಿಸಿದೆ. ‘ಸಾವು’ ಇರಲಿಲ್ಲ. ‘ಸೇಯ್ಕಾನ್’ ಎಂದಿತ್ತು, ಬದುಕಿ ಮರಳುವುದು ಎಂದರ್ಥ. ಮೈದಾನ ಸುತ್ತಿ, ಹೊರಟ ಜಾಗಕ್ಕೇ ಓಡಿಬಂದು ಮುಟ್ಟಿದ ಆಟಗಾರನಿಗೆ ಹಾಗನ್ನುತ್ತಾರಂತೆ. ಆ ಜಾಗದ ಹೆಸರು ಹೋಮ್, ಅಂದರೆ ಮನೆ. ನನಗೆ ಅಳು ತಡೆಯಲಾಗಲಿಲ್ಲ.

ವಹಿಯಲ್ಲಿ ಎಲ್ಲರೂ ಅಡ್ಡಹೆಸರು ಬರೆದಿದ್ದರು. ನಾನು ಮಾತ್ರ ನಮ್ಮ ಕಡೆಯ ಲಗ್ನಪತ್ರಿಕೆಯ ಹಾಗೆ ಬರೆದೆ: ‘ಮೊರಿತಾ, ಸಾ॥ ಈ ಮೈದಾನ, ಹಾ॥ವ॥ ವೃದ್ಧಾಶ್ರಮ’. ಸಾಕೀನ ಎಂದರೆ ಮೂಲ ಊರು, ಹಾಲಿ ವಸ್ತಿ ಎಂದರೆ ಸದ್ಯಕ್ಕಿರುವ ಜಾಗ. ಕೆಳಗೆ ‘ಕಸ್ತೂರಿ, ಸಾ॥ ಇಂಡಿ, ಹಾ॥ವ॥’ ಎಂದು ಬರೆದೆ. ಮುಂದೆ ಪೆನ್ನು ಓಡಲಿಲ್ಲ. ಖಾಲಿ ಬಿಟ್ಟು, ಚೀಟಿಯ ಫೋಟೋ ತೆಗೆದುಕೊಂಡು ಬಸ್ಸಿಗೆ ಓಡಿದೆ.

ಆಶ್ರಮ ತಲುಪಿದಾಗ ಅಜ್ಜನ ಹಾಸಿಗೆ ಖಾಲಿಯಾಗಿತ್ತು, ಹೊದಿಕೆಯನ್ನೂ ತೆಗೆದಿದ್ದರು. ಜೊತೆಗೆ ಕೆಲಸ ಮಾಡುವ ಸಾತೋ-ಸಾನ್ ನನ್ನ ಕೈ ಹಿಡಿದುಕೊಂಡಳು.

“ಮಧ್ಯಾಹ್ನ ಕಣ್ಣ ತಗದ್ರು. ಕಸ್ತೂರಿ ಹೊಳ್ಳಿ ಬಂದಳೇನ, ಅಂತ ಕೇಳಿದ್ರು. ಒಂದ ಸಲ, ಅಷ್ಟ.”

ಆ ಮೂರು ವಾರಗಳಲ್ಲಿ ಯಾವ ಒಂದು ದಿನ ಹೋಗಿದ್ದರೂ ಆ ಫೋಟೋ ಅವರ ಕಣ್ಣೆದುರು ಹಿಡಿಯಬಹುದಿತ್ತು. ಅವರನ್ನು ಕಾಯುತ್ತೇನೆಂದು ಹೊರಟವಳು ಬರೀ ಕಾಯಿಸಿದೆ.

ಸಂಜೆ ಕೋಣೆಯ ಬಾಗಿಲು ತೆರೆಯುವಾಗ ಅಕ್ಕನ ಫೋನ್ ಬಂತು. ನಿಂಬೆಹಣ್ಣು ಆರಿಸಿ ಬುಟ್ಟಿಗೆ ಹಾಕುತ್ತಲೇ ಎಲ್ಲ ಕೇಳಿಸಿಕೊಂಡಳು. ನಾ ಹೇಳಿರಲಿಲ್ಲೇನ ಎಂದು ಅನ್ನಲಿಲ್ಲ.

“ಸಾಕ್ ಬಿಡವಾ ಆ ಊರು. ಮನಿಗಿ ಯಾವಾಗ ಬರ್ತಿ?”

ಹೊಸ್ತಿಲಲ್ಲಿ ಕೂತು ಶೂ ಬಿಚ್ಚುತ್ತಿದ್ದ ನಾನು ಏನೂ ಯೋಚಿಸದೆ, “ಈಗಷ್ಟ ಮನಿಗಿ ಬಂದೇನಿ ನೋಡಕ್ಕಾ,” ಅಂದೆ.

ಆ ಕಡೆ ನಿಂಬೆಹಣ್ಣು ಬುಟ್ಟಿಗೆ ಬೀಳುವ ಸದ್ದು ನಿಂತಿತು.