ಐತವಾರದ ಕತ್ತಿವೀರ, ಚೇರಮನ್ನರ ಪಡಸಾಲೆ

ಹೋದ ತಿಂಗಳು ಮಿಕ್ಸರ್ ರಿಪೇರಿಗೆಂದು ಹುಬ್ಬಳ್ಳಿಗೆ ಹೋಗಿದ್ದೆ. ಅಂಗಡಿಯವನು ಮೂಲೆಯಲ್ಲಿದ್ದ ಹಳೆಯ ಡಬ್ಬಿ ಟೀವಿಯೊಂದನ್ನು ಚಾಲೂ ಮಾಡಿ ನೋಡುತ್ತಿದ್ದ. ಅದರ ಬೆನ್ನು ಕಾದಂತೆ ಒಳಗಿನ ಧೂಳು ಕಮರುವ ವಾಸನೆ ಬಂತು... ಎಷ್ಟೋ ವರ್ಷಗಳ ಮೇಲೆ ಬಂದ ವಾಸನೆ. ನಾಲ್ಕನೇ ಇಯತ್ತೆಯಲ್ಲಿ ನಮಗೆ ಕಲಿಸಿದ ಅಕ್ಕೋರು ನೆನಪಾದರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನವಲಗುಂದದಿಂದ ತುಸು ದೂರದ, ಎರೆಹೊಲಗಳ ನಡುವಿನ ಊರು ನಮ್ಮದು. ಅಕ್ಕೋರು ಕಲಘಟಗಿ ಕಡೆಯವರು. ಸಣಕಲು ಮೈ, ದೊಡ್ಡ ದನಿ. ಪಂಚಾಯ್ತಿ ಚೇರಮನ್ನರ ಹಿತ್ತಲ ಮನೆಯಲ್ಲಿ ಬಾಡಿಗೆಗಿದ್ದರು. ಮುಂಬೈಯಲ್ಲಿದ್ದ ಅವರ ಬಳಗದವರೊಬ್ಬರು ಜಪಾನಿನ ಚಿತ್ರಕತೆಯ ಪುಸ್ತಕವೊಂದನ್ನು ತಂದುಕೊಟ್ಟಿದ್ದರು. ಧಣಿಯ ಆಸರೆ ಬಿಟ್ಟು, ಕತ್ತಿ ಹೆಗಲಿಗೇರಿಸಿಕೊಂಡು ಊರೂರು ಅಲೆಯುವ ಸಮುರಾಯ್ ಒಬ್ಬನ ಕತೆ ಅದು. ಶನಿವಾರ ಅರ್ಧ ದಿನದ ಶಾಲೆಯಲ್ಲಿ ಅಕ್ಕೋರು ಒಂದೊಂದೇ ಪುಟ ನಮ್ಮ ಕಡೆ ತಿರುಗಿಸಿ ಹಿಡಿದು, ಇಂಗ್ಲಿಷಿನಲ್ಲಿದ್ದುದನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಹಾಗಾಗಿ ಆ ಸಮುರಾಯ್, ನಮ್ಮ ಬಾಯಲ್ಲಿ ಕತ್ತಿವೀರ, ನಮ್ಮ ಮಟ್ಟಿಗೆ ಧಾರವಾಡದ ಕನ್ನಡವನ್ನೇ ಆಡುತ್ತಿದ್ದ.

ಆ ವರ್ಷ ಅದೇ ಕತೆ ಕಾರ್ಟೂನ್ ಆಗಿ ಐತವಾರ ಮುಂಜಾನೆ ಟೀವಿಯಲ್ಲಿ ಬರತೊಡಗಿತು. ಊರಿಗೆಲ್ಲ ಇದ್ದದ್ದು ಒಂದೇ ಟೀವಿ. ಸರಕಾರ ಪಂಚಾಯ್ತಿಗೆ ಕೊಟ್ಟದ್ದು, ಇದ್ದದ್ದು ಮಾತ್ರ ಚೇರಮನ್ನರ ಪಡಸಾಲೆಯಲ್ಲಿ. ನಮ್ಮ ಕೇರಿಯ ಮಕ್ಕಳು ಆ ಮನೆಯ ಮೆಟ್ಟಿಲು ಹತ್ತುವಂತಿರಲಿಲ್ಲ. ನನ್ನ ಅಜ್ಜನ ಕಾಲಕ್ಕೇ ನಾವು ಬೌದ್ಧರಾಗಿದ್ದೆವು, ಮನೆಯಲ್ಲಿ ಬುದ್ಧನ ಫೋಟೋ ಇತ್ತು. ಆದರೆ ಆ ಮನೆಯವರ ಕಣ್ಣಿಗೆ ನಾವಿನ್ನೂ ಕೇರಿಯವರೇ. ಹೊರಗೆ ಕಲ್ಲಿನ ಮೇಲೆ ಹತ್ತಿ ನಿಂತು ಕಿಟಕಿಯಿಂದ ನೋಡುತ್ತಿದ್ದೆವು. ನಮ್ಮ ತಲೆಗಳು ಬೆಳಕಿಗೆ ಅಡ್ಡವೆಂದು ಚೇರಮನ್ನರ ತಾಯಿ ಒಂದು ಕದ ಮುಚ್ಚಿಬಿಡುತ್ತಿದ್ದಳು.

ಒಂದು ಸೋಮವಾರ ಅಕ್ಕೋರು, ಕತ್ತಿವೀರ ಏನು ಮಾಡಿದ ಎಂದು ಕೇಳಿದರು. ಉಳಿದವರು ಕೂಗಿ ಕೂಗಿ ಹೇಳಿದರು. ನಾನು ಪಾಟಿಯ ಅಂಚು ಕೆರೆಯುತ್ತ ಕೂತೆ.

“ನಿಂಗ ಸೇರಲಿಲ್ಲೇನವಾ?”

“ಅರ್ಧಾ ಕಂಡತ್ರಿ. ಕಿಡಕಿ ಮುಚ್ಚಿದ್ರು.”

ಅಕ್ಕೋರು ಹಲಗೆಯ ಕಡೆ ತಿರುಗಿ, ಆಗಲೇ ಒರೆಸಿದ್ದ ಹಲಗೆಯನ್ನು ಮತ್ತೊಮ್ಮೆ ಒರೆಸಿದರು.

ಅದೇ ಸಂಜೆ ಅವ್ವ ಚೇರಮನ್ನರ ಅಂಗಳದಲ್ಲಿ ಹತ್ತಿಯ ಕಸ ಆರಿಸುತ್ತಿದ್ದಳು. ನಾನೂ ಬಾಜೂಕ್ಕೆ ಕೂತಿದ್ದೆ. ಅಕ್ಕೋರು ನೇರವಾಗಿ ಒಳಬಂದರು. ಕಟ್ಟೆಯ ಮೇಲೆ ಊರಿನ ನಾಲ್ವರು ಹಿರಿಯರು ಚಹಾ ಕುಡಿಯುತ್ತಿದ್ದರು.

“ಸಾಹೇಬ್ರ, ಟೀವಿ ಪಂಚಾಯ್ತಿದು ಹೌದಲ್ರಿ?”

“ಹೌದ್ರಿ ಅಕ್ಕೋರ. ಇಲ್ಲಿದ್ರ ಜ್ವಾಕಿ ಇರತೈತಂತ ಇಟ್ಟೇವಿ,” ಎಂದರು ಚೇರಮನ್ನರು.

“ಕೇರಿ ಹುಡುಗ್ರು ಹೊರಗ ನಿಂತು ನೋಡ್ತಾರ.”

ಚೇರಮನ್ನರು ಹಿರಿಯರ ಕಡೆ ನೋಡಿ ನಕ್ಕರು. “ಒಳಗ ಬರಬ್ಯಾಡ್ರಿ ಅಂತ ಯಾರ ಅಂದಾರ? ನಮ್ಮ ಬಾಗಲಾ ಎಲ್ಲಾರಿಗೂ ತೆರದೈತಿ.”

“ಹಂಗಾರ ಬರೂ ಐತವಾರ ನಾನ ಕರಕೊಂಡ ಬರ್ತೀನ್ರಿ.”

ನಗು ನಿಂತಿತು. “ಅಕ್ಕೋರ, ನೀವು ಇರೂದು ನಮ್ಮ ಮನ್ಯಾಗ. ಅದೂ ನೆನಪಿರ್ಲಿ.”

“ನೆನಪೈತ್ರಿ.”

ಆಗ ನನ್ನವ್ವ ಮಡಿಲ ಹತ್ತಿ ಝಾಡಿಸಿ ಎದ್ದು ನಿಂತಳು. “ನನ್ನ ಮಗಳೂ ಬರ್ತಾಳ್ರಿ ಧಣ್ಯಾರ,” ಎಂದಳು. ನನ್ನ ತೋಳು ಹಿಡಿದು ಎಬ್ಬಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡಳು.

ಮನೆಯಲ್ಲಿ ಅಪ್ಪ ಸಿಟ್ಟಾದ. “ಕೂಲಿ ಬಂದ್ ಆದ್ರ ಏನ ಮಾಡ್ತಿ?”

“ಹತ್ತಿ ಬಿಡಸಾಕ ಅವರಿಗೂ ಕೈ ಬೇಕಲ್ಲ,” ಎಂದು ಅವ್ವ ರೊಟ್ಟಿ ಬಡಿಯತೊಡಗಿದಳು. ಆ ವಾರವೆಲ್ಲ ಕೇರಿಯಲ್ಲಿ ಇದೇ ಮಾತು. ಕೆಲವರು ಮಕ್ಕಳನ್ನು ಕಳಿಸುವುದಿಲ್ಲವೆಂದರು.

ಐತವಾರ ಬಂತು. ತಲೆಗೆ ಎಣ್ಣೆ ಹಚ್ಚಿ ಬಾಚಿಸಿಕೊಂಡು ಶಾಲೆಯ ಮುಂದೆ ಕೂಡಿದೆವು. ಕಳಿಸುವುದಿಲ್ಲವೆಂದವರ ಮಕ್ಕಳೂ ಇದ್ದರು. ಅಕ್ಕೋರು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ನನ್ನ ಕೈ ಹಿಡಿದು ಮೊದಲು ಒಳಗೆ ಹೋದರು. ಚೇರಮನ್ನರು ಪೇಪರಿನಿಂದ ತಲೆ ಎತ್ತಲಿಲ್ಲ. ದಿನಾ ಹಾಸಿರುತ್ತಿದ್ದ ಜಮಖಾನೆಯನ್ನು ಅಂದು ಸುತ್ತಿ ಗೋಡೆಗೆ ಒರಗಿಸಿದ್ದರು. ನಾವು ಬರಿಯ ಕಲ್ಲುಹಾಸಿನ ಮೇಲೆ ಕೂತೆವು. ಅಕ್ಕೋರಿಗೆ ಕುರ್ಚಿ ಇತ್ತು. ಅವರು ಅದನ್ನು ಪಕ್ಕಕ್ಕೆ ಸರಿಸಿ ನಮ್ಮ ನಡುವೆಯೇ ಕೂತರು.

ಕಾರ್ಟೂನ್ ಹಿಂದಿಯಲ್ಲಿತ್ತು. ಯಾರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ, ಆದರೆ ಕತೆ ನಮಗೆ ಬಾಯಿಪಾಠವಾಗಿತ್ತು. ಸ್ವಲ್ಪ ಹೊತ್ತಿಗೆ ಮಂಚದ ಮೇಲಿದ್ದ ಚೇರಮನ್ನರ ತಾಯಿ ಯಾರನ್ನೂ ನೋಡದೆ ಕೇಳಿದಳು, “ಏನಂತಾನಬೇ ಅಂವಾ?”

ನಾನೇ ಹೇಳಿದೆ, “ಯಾರ ಮುಂದೂ ಮಣಕಾಲ ಊರೂದಿಲ್ಲ ಅಂತಾನ್ರಿ ಆಯಿ.”

ಮುದುಕಿ ಮಂಚದ ಅಂಚಿಗೆ ಸರಿದಳು. “ಹಂಗಾರ ಅವಂಗ ಊಟಾ ಯಾರ ಹಾಕ್ತಾರ?”

ಮಕ್ಕಳೆಲ್ಲ ನಕ್ಕರು. ಚೇರಮನ್ನರ ಕೈಯ ಪೇಪರೂ ಅಲುಗಿತು. ಮುಗಿಯುವವರೆಗೆ ಮುದುಕಿ ಕೇಳುತ್ತಲೇ ಇದ್ದಳು, ನಾನು ಹೇಳುತ್ತಲೇ ಇದ್ದೆ.

ಮರುವಾರ ಟೀವಿಯನ್ನು ಎತ್ತಿನ ಚಕ್ಕಡಿಯಲ್ಲಿ ಶಾಲೆಗೆ ಕಳಿಸಿದರು. “ಅಲ್ಲೇ ಇರ್ಲಿ,” ಎಂದಷ್ಟೇ ಚೇರಮನ್ನರು ಅಂದರಂತೆ. ಮತ್ತೊಮ್ಮೆ ನಾವು ಪಡಸಾಲೆಗೆ ಬರುವುದಕ್ಕಿಂತ ಇದೇ ವಾಸಿ ಎನಿಸಿರಬೇಕು. ತಿಂಗಳು ತುಂಬುವುದರೊಳಗೆ ಅಕ್ಕೋರಿಗೆ ಮನೆ ಖಾಲಿ ಮಾಡಲು ಹೇಳಿಕಳಿಸಿದರು. ಅಕ್ಕೋರು ಯಾರ ಬಳಿಯೂ ಗೋಗರೆಯಲಿಲ್ಲ. ಟ್ರಂಕು, ಸ್ಟೋವು ಎತ್ತಿಕೊಂಡು ನಮ್ಮ ಓಣಿಯ ತಗಡಿನ ಮನೆಯೊಂದಕ್ಕೆ ಬಂದರು. “ಮಳಿ ಬಂದ್ರ ಸಪ್ಪಳ ಭಾಳ, ಅಷ್ಟ,” ಎಂದರು. ಅವ್ವನಿಗೆ ಆ ಸುಗ್ಗಿ ಕೆಲಸ ಸಿಗಲಿಲ್ಲ. ಬೇರೆ ಊರಿನ ಹೊಲಗಳಿಗೆ ನಡೆದು ಹೋದಳು. ಮರುವರ್ಷ ಚೇರಮನ್ನರೇ ಕರೆಕಳಿಸಿದರು.

ಟೀವಿ ಹೋದ ಮೇಲೆ ಅವರ ತಾಯಿ ಬಹಳ ದಿನ ತಡೆದುಕೊಳ್ಳಲಿಲ್ಲ. ಒಂದು ಐತವಾರ ಕೋಲೂರಿಕೊಂಡು ಶಾಲೆಗೆ ಬಂದವಳೇ ನನ್ನ ಪಕ್ಕದಲ್ಲಿ ಕೂತು, “ಹೇಳಬೇ,” ಎಂದಳು.

ಅಕ್ಕೋರಿಗೆ ಮುಂದೆ ವರ್ಗವಾಯಿತು. ನಾನು ಓದಿದೆ, ಅಣ್ಣಿಗೇರಿಯಲ್ಲಿ ನೌಕರಿಗೆ ಸೇರಿದೆ. ಹೋಗಿ ನೋಡಬೇಕು, ನೋಡಬೇಕು ಎನ್ನುತ್ತಲೇ...

ಹುಬ್ಬಳ್ಳಿಯಿಂದ ಬಂದ ಮರುವಾರ ಕಲಘಟಗಿ ಬಸ್ಸು ಹತ್ತಿದೆ. ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಬಾಗಿಲು ತೆರೆದದ್ದು ಅಕ್ಕೋರ ತಂಗಿ. “ಅಕ್ಕ ಹೋಗಿ ಎರಡ ವರ್ಷಾತವಾ,” ಎಂದರು. ನಾನು ಯಾರೆಂದು ಹೇಳಿದೆ, ಯಾಕೆ ಬಂದೆನೆಂದು ಹೇಳಿದೆ, ನಮ್ಮ ಸಲುವಾಗಿ ಅಕ್ಕೋರಿಗೆ ಮನೆ ಬಿಡಿಸಿದ್ದನ್ನೂ ಹೇಳಿದೆ. ಅವರು ಬಾಗಿಲು ಪೂರ್ತಿ ತೆರೆದು ನನ್ನನ್ನು ಒಳಗೆ ಬಿಟ್ಟುಕೊಂಡರು.

“ಮನಿ ಬಿಡಿಸಿದ್ದು ನಮಗ ಗೊತ್ತ ಇಲ್ಲ. ಆಕಿ ಒಂದಿನಾನೂ ಹೇಳಲಿಲ್ಲ.”

ಸೊಸೆಯನ್ನೂ ಮೊಮ್ಮಕ್ಕಳನ್ನೂ ಕರೆದು ಕೂಡಿಸಿದರು. “ಮೊದಲಿಂದ ಹೇಳವಾ,” ಎಂದರು. ಹೇಳಿದೆ. ಅಲ್ಲಲ್ಲಿ ಮಾತು ಹೆಚ್ಚುಕಡಿಮೆಯಾಗಿರಬಹುದು. ಹಂಗಲ್ಲ, ಹಿಂಗ ಎಂದು ತಿದ್ದಬೇಕಾದವರು ಅಲ್ಲಿರಲಿಲ್ಲ. ಆದರೂ ನಿಲ್ಲಿಸಲಿಲ್ಲ, ಕೊನೆಯವರೆಗೂ ಹೇಳಿದೆ.