ಹೊರರಾಜ್ಯದ ಹುಡುಗಿ

ನಾನು ಹುಟ್ಟಿದ್ದು ದೊಡ್ಡಬಳ್ಳಾಪುರದಲ್ಲಿ, ಬೆಳೆದದ್ದು ಇಚಲಕರಂಜಿಯಲ್ಲಿ. ಅಪ್ಪ ಮಗ್ಗದ ಮೆಕ್ಯಾನಿಕ್. ನನಗೆ ತಿಳಿವಳಿಕೆ ಬರುವ ಮೊದಲೇ ಮಹಾರಾಷ್ಟ್ರದ ಆ ಊರಿನಲ್ಲಿ ಕೆಲಸ ಸಿಕ್ಕಿ ಹೋಗಿದ್ದವರು, ನನ್ನ ಹತ್ತನೇ ತರಗತಿ ಮುಗಿದ ಮೇಲೆ ನಮ್ಮನ್ನು ಕರೆದುಕೊಂಡು ವಾಪಸ್ ಬಂದರು. ಪಿಯುಸಿಯನ್ನು ಇಲ್ಲೇ ಓದಿದೆ.

ಹಲ್ಲಿನ ಡಾಕ್ಟರಾಗಬೇಕೆಂದು ನಿರ್ಧರಿಸಿದವಳು ನಾನೇ. ಅಪ್ಪನ ಪಕ್ಕ ಕೂತು ಮಗ್ಗದ ಸಣ್ಣ ಭಾಗಗಳನ್ನು ಬಿಚ್ಚಿ ಜೋಡಿಸುತ್ತಾ ನನಗೆ ಕೈಕೆಲಸದ ರುಚಿ ಹತ್ತಿತ್ತು. ಎದುರುಮನೆಯ ಆಂಟಿ ಮಾತ್ರ, "ಯಾಕಮ್ಮಾ, ನಿಜವಾದ ಡಾಕ್ಟರ್ ಸೀಟು ಸಿಗಲ್ವಾ?" ಎಂದು ಕೇಳಿದ್ದರು.

ನೀಟ್ ಫಲಿತಾಂಶ ಬಂದ ಮೇಲೆ, ಸೀಟಿಗಾಗಿ ದಾಖಲೆ ತೋರಿಸಲು ಅಪ್ಪ, ನಾನು, ನನ್ನ ಕಾಲೇಜಿನ ಗೆಳತಿ ಒಂದೇ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಗೆಳತಿಯ ಕೆಲಸ ಬೇಗ ಮುಗಿಯಿತು. ನನ್ನ ಅಂಕಪಟ್ಟಿಗಳನ್ನು ಮಗುಚಿ ನೋಡಿದ ಅಧಿಕಾರಿ ತಲೆಯೆತ್ತಿದರು.

"ಇಲ್ಲಿ ಓದಿರೋದು ಬರೀ ಪಿಯುಸಿ ಅಲ್ವೇನಮ್ಮ. ಹಿಂಗಾದ್ರೆ ಹೊರರಾಜ್ಯದವರು ಅಂತಾಗುತ್ತೆ."

"ಸರ್, ನಮ್ಮೂರು ದೊಡ್ಡಬಳ್ಳಾಪುರ."

"ಇರಬಹುದು. ಅಪ್ಪನೋ ಅಮ್ಮನೋ ಇಲ್ಲಿ ಏಳು ವರ್ಷ ಓದಿದ್ರೂ ನಡೆಯುತ್ತೆ. ಅವರ ಸ್ಕೂಲಿಂದ ಬರೆಸ್ಕೊಂಡು ಬನ್ನಿ, ಸಾಕು."

ಅಮ್ಮ ಹಿಂದೂಪುರದ ಕಡೆಯವಳು, ಓದಿದ್ದು ಆಂಧ್ರದ ಶಾಲೆಯಲ್ಲಿ ಎಂದೆ. ಅಧಿಕಾರಿ ಅಪ್ಪನ ಮುಖ ನೋಡಿದರು.

"ನಾನು ನಾಲ್ಕನೇ ಕ್ಲಾಸಿಗೇ ಬಿಟ್ಬಿಟ್ಟೆ ಸರ್," ಎಂದರು ಅಪ್ಪ. "ಮಗ್ಗಕ್ಕೆ ಸೇರ್ಕೊಂಡೆ."

ಹಿಂದೆ ನಿಂತವರಿಗೆಲ್ಲ ಅದು ಕೇಳಿಸಿತು. ಅಧಿಕಾರಿ ಒರಟಾಗಿ ಏನೂ ಅನ್ನಲಿಲ್ಲ. ಅಖಿಲ ಭಾರತ ಕೋಟಾದಲ್ಲಿ ನೋಡಿ ಎಂದು ಕಾಗದಗಳನ್ನು ಜೋಡಿಸಿ ಕೊಟ್ಟರು.

ವಾಪಸ್ ಬರುವಾಗ ಅಪ್ಪ ಮುಂದಿನ ಸೀಟಿನಲ್ಲಿದ್ದರು. ಯಲಹಂಕ ದಾಟಿದ ಮೇಲೆ ತಿರುಗಿ, "ನಾನು ಇನ್ನು ಮೂರು ವರ್ಷ ಓದಿದ್ದಿದ್ರೆ ಆಗೋಗಿತ್ತು ಕಣವ್ವ," ಎಂದರು. ಗೆಳತಿ ಕಿಟಕಿಯ ಕಡೆ ಮುಖ ಮಾಡಿಕೊಂಡಳು.

ಅವಳಿಗೆ ಬೆಂಗಳೂರಿನಲ್ಲೇ ಸೀಟು ಸಿಕ್ಕಿತು. ಮೊದಮೊದಲು ದಿನಾ ಫೋನ್ ಮಾಡುತ್ತಿದ್ದಳು. ಬಿಳಿ ಕೋಟಿನ ಫೋಟೋ ಕಳಿಸಿದಳು. ಕ್ಲಾಸುಗಳು ಶುರುವಾದ ಮೇಲೆ ಮಾತು ಕಡಿಮೆಯಾಯಿತು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ನಾನೊಬ್ಬಳೇ ಮೊಬೈಲ್ ಹಿಡಿದು, ಅಖಿಲ ಭಾರತ ಕೋಟಾದ ಪಟ್ಟಿಯಲ್ಲಿ ಎಂದೂ ಕಾಣದ ಊರುಗಳ ಕಾಲೇಜುಗಳನ್ನು ಆರಿಸುತ್ತಿದ್ದೆ. ಯಾವ ಊರಿನಲ್ಲಿ ಯಾವ ಭಾಷೆ, ಊಟಕ್ಕೆ ಏನು ಕೊಡುತ್ತಾರೆ ಎಂದು ಕೇಳಲು ಗುರುತಿನವರು ಯಾರೂ ಇರಲಿಲ್ಲ. ಸುತ್ತಲಿನ ಮನೆಗಳಲ್ಲಿ ಮಗ್ಗಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಕರೆಂಟ್ ಹೋಗಿ ಅವು ಒಮ್ಮೆಗೇ ನಿಂತರೆ, ಬೀದಿಯಲ್ಲಿ ನಾನೊಬ್ಬಳೇ ಉಳಿದಂತಾಗುತ್ತಿತ್ತು.

ಸೀಟು ಹಂಚಿಕೆಯ ಕೊನೆಯ ಸುತ್ತಿನಲ್ಲಿ ಕೇರಳದ ಒಂದು ಸರ್ಕಾರಿ ಕಾಲೇಜಿನಲ್ಲಿ ಸೀಟು ಬಂತು. ಅಮ್ಮ ಅತ್ತಳು. ಅಪ್ಪ ರಜೆ ಹಾಕಿ ಬಂದು ನನ್ನನ್ನು ಸೇರಿಸಿದರು. ಹಾಸ್ಟೆಲಿನ ಗೇಟಿನಿಂದಾಚೆ ಗಂಡಸರನ್ನು ಬಿಡುತ್ತಿರಲಿಲ್ಲ. ನನ್ನ ಟ್ರಂಕನ್ನು ಅಲ್ಲೇ ಇಳಿಸಿ, "ಉಂಡ್ಕೊಂಡು ಮಲ್ಕೋ, ತಲುಪಿದ್ಮೇಲೆ ಫೋನ್ ಮಾಡ್ತೀನಿ," ಎಂದು ಹೊರಟರು.

ನಾನು ಮೇಲೆ ಹೋಗಿ ವರಾಂಡದಲ್ಲಿ ನಿಂತೆ. ರಸ್ತೆಯ ತಿರುವಿನಲ್ಲಿ ಅಪ್ಪ ಒಬ್ಬ ಅಂಗಡಿಯವನನ್ನು ದಾರಿ ಕೇಳುತ್ತಿದ್ದರು. ಅವನಿಗೆ ಕನ್ನಡ ಬಾರದು, ಇವರಿಗೆ ಮಲಯಾಳಂ ಬಾರದು. ಅಪ್ಪ ಎರಡೂ ಕೈಯಿಂದ ರೈಲಿನ ಚಕ್ರ ತಿರುಗುವುದನ್ನು ಮಾಡಿ ತೋರಿಸಿದರು. ಅಂಗಡಿಯವನು ನಕ್ಕು ಎಡಕ್ಕೆ ಕೈ ತೋರಿಸಿದ. ಅಪ್ಪ ಚೀಲ ಹೆಗಲಿಗೇರಿಸಿ ಆ ಕಡೆ ನಡೆದರು.