ಮ್ಯಾಲಿನಾಕಿಗೆ ಒನ್ಸ್ ಮೋರ್

ದುರುಗಮ್ಮ ದಾವಣಗೆರೆ ಪಕ್ಕದ ಆನೆಕೊಂಡದವಳು. ಇನ್ನೂ ಲಂಗ ತೊಡುವ ವಯಸ್ಸಿನಲ್ಲಿ ತಾಯಿ ಕರಿಯವ್ವ ಅವಳನ್ನು ಸರ್ಕಸ್ಸಿನವರ ಜೊತೆ ಕಳಿಸಿದಳು. ಮಾರಿದಳು ಅಂತ ಓಣಿಯವರು ಆಡಿಕೊಂಡರು. ಮಾರಿರಲಿಲ್ಲ. ಎರಡು ಹೊತ್ತು ಕೂಳು ಹಾಕ್ತಾರೆ ಅಂದಿದ್ದಕ್ಕೆ ಕಳಿಸಿದ್ದಳು, ಅಷ್ಟೆ. ಕೂಳು ಸಿಕ್ಕಿತು. ಜೊತೆಗೆ ಝೂಲಾ ಸಿಕ್ಕಿತು, ಡೇರೆಯ ನೆತ್ತಿಯಲ್ಲಿ ತೂಗುವ ಕಬ್ಬಿಣದ ಕೋಲಿನ ಜೋಕಾಲಿ. ಮೂವತ್ತು ದಾಟುವುದರೊಳಗೆ ಎಡ ರೆಟ್ಟೆಯ ಕೀಲು ತಪ್ಪಿ, ಕೂಡಿಸಿ, ಮತ್ತೆ ತಪ್ಪಿ ಸಡಿಲಾಯಿತು. ಸಡಿಲಾದವಳನ್ನು ಸರ್ಕಸ್ಸು ಯಾಕೆ ಸಾಕೀತು?

ಊರಿಗೆ ಬಂದರೆ ತಾಯಿ ಇರಲಿಲ್ಲ. ದಾವಣಗೆರೆಯಲ್ಲಿ ಬಿಡಾರ ಹೂಡಿದ್ದ ಬಕ್ಕೇಶಪ್ಪನ ನಾಟಕ ಕಂಪನಿಯ ಅಡಿಗೆ ಮನೆ ಸೇರಿದಳು. ಅಕ್ಕಿ ಆರಿಸುವುದು, ನಟಿಯರ ಸೀರೆ ಮಡಿಸುವುದು. ನೆಲದ ಮೇಲಿನ ಕೆಲಸ. ಅವಳು ಕೇಳಿಕೊಂಡು ಬಂದದ್ದೂ ಅಷ್ಟೇ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಊರಿನ ಟಾಕೀಸಿನಲ್ಲಿ ಒಂದು ಹಿಂದಿ ಸರ್ಕಸ್ ಚಿತ್ರ ಓಡೇ ಓಡಿತು. ನಾಟಕದ ತಗಡಿನ ಥೇಟರಿನಲ್ಲಿ ಬೆಂಚುಗಳು ಖಾಲಿ ಬಿದ್ದವು. ಮಾಲೀಕ ಬಕ್ಕೇಶಪ್ಪ ಹೋಗಿ ಆ ಚಿತ್ರ ನೋಡಿದ, ಮತ್ತೆ ನೋಡಿದ, ಬಂದು ಹಾರ್ಮೋನಿಯಂ ಮಾಸ್ತರನ್ನು ಕೂರಿಸಿಕೊಂಡು ತಾನೂ ಒಂದು ಸರ್ಕಸ್ ನಾಟಕ ಹೊಸೆದ. ಜೋಕಾಲಿಯ ಹುಡುಗಿ, ಜಮೀನ್ದಾರನ ಮಗ, ರಾಶಿ ಹಾಡು.

“ದುರುಗವ್ವ, ನೀ ಸರ್ಕಸ್ಸಿನಾಗೆ ಇದ್ದಾಕಿ. ಅಲ್ಲಿ ದಿನಾ ಏನು ಮಾಡ್ತಿದ್ರಿ ಹೇಳು, ನಾಟಕದಾಗೆ ಹಾಕನ.”

“ಆನೆ ಲದ್ದಿ ಬಾಚ್ತಿದ್ವಿ ಮಾಲೀಕ್ರೆ. ಗೂಟ ಬಡೀತಿದ್ವಿ. ಜ್ವರ ಬಂದ್ರೂ ನಗ್ತಿದ್ವಿ.”

“ಲದ್ದಿಗೆ ರಾಗ ಹಾಕಾಕೆ ಬರಂಗಿಲ್ಲ ಬಿಡು. ನಗಾದು ಇಟ್ಕಂತೀನಿ.”

ನಾಯಕಿ ಕಸ್ತೂರಮ್ಮನ ಗಂಟಲು ಬಂಗಾರ. ಆದರೆ ಸ್ಟೂಲು ಹತ್ತಿದರೂ ತಲೆ ತಿರುಗುವ ಹೆಂಗಸು. ಅದಕ್ಕೆ ಬಕ್ಕೇಶಪ್ಪ ಒಂದು ಉಪಾಯ ಮಾಡಿದ. ಒಂದೇ ಥರದ ಮಿಣುಕು ಬಟ್ಟೆ ಎರಡು ಹೊಲಿಸುವುದು. ಕಸ್ತೂರಮ್ಮ ಪರದೆ ಮರೆಯಲ್ಲಿ ನಿಂತು ಹಾಡುವುದು, ದುರುಗಮ್ಮ ಮೇಲೆ ಮಬ್ಬು ಬೆಳಕಿನಲ್ಲಿ ತೂಗುವುದು. ಜನಕ್ಕೆ ಒಬ್ಬಳೇ ಕಾಣಬೇಕು.

ದುರುಗಮ್ಮ ಒಲ್ಲೆ ಅಂದಳು. “ಹಂಗಾರೆ ಅಡಿಗೆ ಮನಿಗೂ ಬರಬ್ಯಾಡ” ಅಂದ. ಇಂಥ ಕಡೆ ಬಡವರ ಒಪ್ಪಿಗೆ ಹೀಗೇ ಹುಟ್ಟುವುದು.

“ಆಟಕ್ಕೆ ಒಂದೇ ಸಲ” ಅಂತ ಒಪ್ಪಿದಳು. “ಈ ಕೀಲು ಒಂದು ಸಲಕ್ಕೆ ತಡೀತೈತೆ. ಒನ್ಸ್ ಮೋರ್ ಅಂದ್ರೆ ನನ್ನ ಕೈಲಿ ಆಗಂಗಿಲ್ಲ.”

“ಕೊಡಂಗಿಲ್ಲ, ನನ್ನಾಣೆ.”

ಕಂಪನಿ ನಾಟಕದಲ್ಲಿ ಈ ಮಾತು ಸಣ್ಣದಲ್ಲ. ಜನ ಒನ್ಸ್ ಮೋರ್ ಕೂಗಿದರೆ ಹಾಡಿದವರು ಮುಂದೆ ಬಂದು ಕೈಮುಗಿದು ಅದೇ ಹಾಡನ್ನು ಮತ್ತೆ ಹಾಡಲೇಬೇಕು. ಇಲ್ಲವಾದರೆ ಬೆಂಚು ಮುರಿಯುತ್ತವೆ. ಸರ್ಕಸ್ಸಿನಲ್ಲಿ ಆ ಪದ್ಧತಿಯೇ ಇಲ್ಲ. ಬದುಕಿ ಕೆಳಗಿಳಿದವರನ್ನು ಮತ್ತೆ ಹತ್ತು ಅಂತ ಅಲ್ಲಿ ಯಾರೂ ಅನ್ನುವುದಿಲ್ಲ. ದಾವಣಗೆರೆಯಲ್ಲಿ ಬಕ್ಕೇಶಪ್ಪ ಮಾತು ಉಳಿಸಿಕೊಂಡ. ಹಾಡು ಮುಗಿಯುತ್ತಲೇ ಹಾಸ್ಯಗಾರ ನುಗ್ಗಿ ಬಿದ್ದು ಹೊರಳಾಡಿ ಜನರ ಬಾಯಿ ಕಟ್ಟುತ್ತಿದ್ದ.

ಆಮೇಲೆ ಕಂಪನಿ ಹರಿಹರಕ್ಕೆ ಬಂತು. ಮೊದಲ ಭಾನುವಾರ ಮಧ್ಯಾಹ್ನದ ಆಟಕ್ಕೆ ಕಾರ್ಖಾನೆಯ ಜನ ಕಿಕ್ಕಿರಿದರು. ತಗಡು ಕಾದು ಒಳಗೆ ಬೆವರು ನಾರುತ್ತಿತ್ತು. ಹಗ್ಗ ಕಟ್ಟುವ ಹಯಾತ್ ಸಾಬ್ ಜೋಕಾಲಿ ಎಳೆದು ನೋಡಿ, “ಮುಖ ಸಪ್ಪಗೈತಲ್ಲ ಯವ್ವಾ” ಅಂದ.

“ಮುಖ ಯಾರು ನೋಡ್ತಾರೆ ಸಾಬ್ರೆ. ಕತ್ತಲಾಗೆ ಅದಕ್ಕೂ ರಜ.”

ಹಾಡು ಸುರುವಾಯಿತು. ದುರುಗಮ್ಮ ತೂಗಿದಳು, ಜೋತಾಡಿದಳು, ಮೈ ಮಡಿಸಿ ತಿರುಗಿ ಕೋಲಿನ ಮೇಲೆ ಕೂತಳು. ಮುಗಿಯಿತು ಅಂತ ಉಸಿರು ಬಿಟ್ಟಳು.

“ಒನ್ಸ್ ಮೋರ್!”

ಹಾಸ್ಯಗಾರ ಓಡಿಬಂದ. ಜನ ಅವನ ಮೇಲೆ ಶೇಂಗಾ ಸಿಪ್ಪೆ ಎಸೆದರು. ಒನ್ಸ್ ಮೋರ್, ಒನ್ಸ್ ಮೋರ್. ಇಪ್ಪತ್ತು ವರ್ಷ ಆ ಕೂಗಿಗೆ ತಲೆಬಾಗಿದ ಕಸ್ತೂರಮ್ಮನ ಕಾಲು ಅವಳ ಮಾತು ಕೇಳಲಿಲ್ಲ. ಮರೆಯಿಂದ ದೀಪದ ಮುಂದಕ್ಕೆ ಬಂದು, ಎದೆಗೆ ಕೈಯಿಟ್ಟು, ಜನಕ್ಕೆ ನಮಸ್ಕಾರ ಮಾಡಿ, ಪಲ್ಲವಿ ಎತ್ತಿಯೇಬಿಟ್ಟಳು.

ಕೆಳಗೊಬ್ಬಳು ನಾಯಕಿ, ಮೇಲೊಬ್ಬಳು ನಾಯಕಿ. ಅದೇ ಮಿಣುಕು ಬಟ್ಟೆ.

ಹಿಂದಿನ ಬೆಂಚಿನಿಂದ ಒಬ್ಬ, “ಏ, ಅವಳಿ ಜವಳಿ!” ಅಂದ. ಥೇಟರು ನಕ್ಕಿತು. ಕಸ್ತೂರಮ್ಮ ಹಾಡನ್ನು ಅರ್ಧಕ್ಕೇ ಬಿಟ್ಟಳು. ಮತ್ತೊಬ್ಬ ಎದ್ದು, “ಕೆಳಗಿನಾಕಿ ಸಾಕು, ಮ್ಯಾಲಿನಾಕಿಗೆ ಒನ್ಸ್ ಮೋರ್!” ಅಂತ ಕೂಗಿದ. ಆ ಕೂಗು ಹಿಡಿಯಿತು. ಬೆಂಚು ಬಡಿಯತೊಡಗಿದರು.

ಬಕ್ಕೇಶಪ್ಪ ಏಣಿಯ ಬುಡಕ್ಕೆ ಓಡಿದ. “ದುರುಗವ್ವ, ಇನ್ನೊಂದೇ ಒಂದು ಸಲ ಕಣವ್ವ! ನಾಳೆ ಹ್ಯಾಂಡ್‌ಬಿಲ್ಲಿನಾಗೆ ನಿನ್ನ ಹೆಸರು, ಕಸ್ತೂರವ್ವಂದಕ್ಕಿಂತ ದಪ್ಪ ಅಕ್ಷರದಾಗೆ!”

“ದಪ್ಪ ಅಕ್ಷರ ಬಂದು ಕೋಲು ಹಿಡ್ಕಂತೈತೇನ್ರಿ?”

“ಜನ ಅಂದ್ರೆ ದೇವ್ರು, ಇಲ್ಲ ಅನ್ನಬಾರ್ದು!”

“ದೇವ್ರಾದ್ರೆ ಹತ್ತಿ ಜೋತುಬೀಳ್ಲಿ. ನಾ ಇಳೀತೀನಿ.”

“ಇಳಿದ್ರೆ ಕಂಪನಿಯಿಂದಾನೂ ಇಳಿದಂಗೆ!”

ಅವಳಿಗದು ಮೊದಲೇ ಗೊತ್ತಿತ್ತು. ಹೋಗಲು ಮನೆಯಿರಲಿಲ್ಲ. ಅಷ್ಟು ವರ್ಷ ತೂಗಿದವಳ ಹೆಸರನ್ನು ಯಾರೂ ಕೇಳಿರಲಿಲ್ಲ, ಈಗ ಒಂದು ಥೇಟರು ಅವಳೇ ಬೇಕು ಅಂತಿತ್ತು. ಅದರಿಂದ ಖುಷಿಯಾಗಬೇಕಿತ್ತೋ ಏನೋ. ಆಗಲಿಲ್ಲ, ಅಷ್ಟು ದಣಿದಿದ್ದಳು. ಬಲಗೈಯಲ್ಲಿ ಏಣಿ ಹಿಡಿದು, ಎಡಗೈಯನ್ನು ಹೊಟ್ಟೆಗೆ ಅವುಚಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಇಳಿದಳು. ಕೂಗುತ್ತಿದ್ದವರು ಅವಳ ಆ ಕೈ ನೋಡಿದರೋ ಇಲ್ಲವೋ. ನೆಲ ಮುಟ್ಟಿದ ಮೇಲೂ ಕೂಗುತ್ತಲೇ ಇದ್ದರು. ಅವಳು ತಿರುಗಿ ನೋಡಲಿಲ್ಲ. ಹಿಂದೆ ಹೋಗಿ ಬಟ್ಟೆ ಬದಲಿಸಿದಳು. ಕಸ್ತೂರಮ್ಮ, “ತಪ್ಪಾತು ಕಣವ್ವ, ಕೂಗು ಕೇಳಿದ್ರೆ ನಿಲ್ಲಾಕಾಗಂಗಿಲ್ಲ” ಅಂತ ಅತ್ತಳು. “ನೀವೇನ್ ಮಾಡ್ತೀರಕ್ಕಾ, ನಿಮ್ನೂ ಹಂಗೇ ಪಳಗಿಸ್ಯಾರೆ” ಅಂದಳು ದುರುಗಮ್ಮ.

ಅಂದೇ ಸಂಜೆಯ ಬಸ್ಸಿಗೆ ದಾವಣಗೆರೆಗೆ ಹೊರಟಳು. ಹತ್ತಿ ಅಂಗಡಿಯೊಂದರಲ್ಲಿ ಕಸ ಆರಿಸುವ ಕೆಲಸ ಸಿಕ್ಕಿತು, ಕೂತು ಮಾಡುವಂಥದ್ದು. ಎಡಗೈ ಮಾತ್ರ ಮತ್ತೆ ಹೆಗಲಿನಿಂದ ಮೇಲೇಳಲಿಲ್ಲ. ತುರುಬು ಕಟ್ಟಿಕೊಳ್ಳಲಾಗದೆ ಕೂದಲು ಕತ್ತರಿಸಿಬಿಟ್ಟಳು. ಜೊತೆಯ ಹೆಂಗಸರು, “ಉಚ್ಚಂಗೆಮ್ಮಗೆ ಮುಡಿ ಕೊಟ್ಟೀಯೇನವ್ವಾ?” ಅಂದರೆ, “ಹೂಂ” ಅನ್ನುತ್ತಿದ್ದಳು. ಅಷ್ಟೆಲ್ಲ ಬಿಡಿಸಿ ಹೇಳಲು ಯಾರಿಗೆ ತ್ರಾಣವಿತ್ತು.